ಕೇಬಲ್ ತೊಂದರೆ, ಕ್ಷಮಿಸಿ

ಅಮೆರಿಕದ ಮಿಸಿಸಿಪ್ಪಿಯಲ್ಲಿ ಒಂದು ಟಿ.ವಿ. ವಾಹಿನಿ ಹೆಚ್ಚುಕಡಿಮೆ ಅರ್ಧ ಊರಿನ ಜನರನ್ನು ತೆರೆಯ ಮೇಲೆ ಬಾರದಂತೆ ನೋಡಿಕೊಂಡಿತ್ತು. ಕೊನೆಗೆ ಅದರ ಪರವಾನಗಿ ಹೋಯಿತು. ಅದಕ್ಕೆ ದಾರಿ ಮಾಡಿದವರು ಮಂತ್ರಿಗಳೂ ಅಲ್ಲ, ಸಂಪಾದಕರೂ ಅಲ್ಲ. ಕಾಗದ, ಪೆನ್ನು ಹಿಡಿದು ಟಿ.ವಿ. ಮುಂದೆ ಕುಳಿತ ವೀಕ್ಷಕರು.

1955ರಲ್ಲಿ ಎನ್‌ಬಿಸಿ ಜಾಲದ ‘ಟುಡೇ’ ಕಾರ್ಯಕ್ರಮಕ್ಕೆ ಥರ್ಗುಡ್ ಮಾರ್ಷಲ್ ಬಂದಿದ್ದರು. ಬಿಳಿಯ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ ಎನ್ನುವುದು ಸಂವಿಧಾನಕ್ಕೆ ವಿರುದ್ಧ ಎಂದು ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದಿದ್ದ ವಕೀಲರು ಅವರು. ಅವರು ಮಾತನಾಡುತ್ತಿದ್ದ ಹೊತ್ತಿಗೆ ಮಿಸಿಸಿಪ್ಪಿಯ ರಾಜಧಾನಿ ಜಾಕ್ಸನ್‌ನ ಮನೆಗಳಲ್ಲಿ ಟಿ.ವಿ. ತೆರೆಯ ಮೇಲೆ ಒಂದು ಫಲಕ ಕಾಣಿಸಿತು: ‘ಕ್ಷಮಿಸಿ, ಕೇಬಲ್ ತೊಂದರೆ’.

ಕೇಬಲ್ಲಿಗೆ ಏನೂ ಆಗಿರಲಿಲ್ಲ. ಡಬ್ಲ್ಯುಎಲ್‌ಬಿಟಿ ಎಂಬ ಸ್ಥಳೀಯ ವಾಹಿನಿಯ ವ್ಯವಸ್ಥಾಪಕ ಫ್ರೆಡ್ ಬಿಯರ್ಡ್ ಪ್ರಸಾರವನ್ನು ಬೇಕೆಂದೇ ತಡೆದಿದ್ದರು. ವರ್ಣಭೇದ ಉಳಿಸಲು ಬಿಳಿಯರು ಕಟ್ಟಿಕೊಂಡಿದ್ದ ಸಿಟಿಜನ್ಸ್ ಕೌನ್ಸಿಲ್‌ನ ಸದಸ್ಯರೂ ಆಗಿದ್ದ ಅವರು, ಮಾಡಿದ್ದನ್ನು ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿಕೊಂಡರು.

ಮಾಧ್ಯಮ ಮತ್ತು ರಾಜಕೀಯದ ಮಾತು ಬಂದಾಗ ನಾವು ಜಗಳವಾಡುವುದು ತೆರೆಯ ಮೇಲೆ ಬಂದದ್ದರ ಬಗ್ಗೆ. ನಿರೂಪಕ ಯಾಕೆ ಅಷ್ಟು ಕೂಗಾಡಿದ, ಆ ತಲೆಬರಹ ಯಾರ ಪರವಾಗಿತ್ತು, ಚರ್ಚೆಗೆ ಅವರನ್ನೇ ಯಾಕೆ ಕರೆದರು ಎಂದೆಲ್ಲ ಕೇಳುತ್ತೇವೆ. ಬರದೇ ಉಳಿದದ್ದರ ಬಗ್ಗೆ ಜಗಳವಾಡುವುದು ಕಷ್ಟ. ನೋಡದ ಸುದ್ದಿಯ ಮೇಲೆ ದೂರು ಕೊಡುವುದು ಹೇಗೆ? ಜಾಕ್ಸನ್‌ನ ಜನ ಅದಕ್ಕೊಂದು ದಾರಿ ಕಂಡುಕೊಂಡರು. ಆ ಫಲಕ ಕಾಣಿಸಿದಲ್ಲಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ ಹಿಡಿಯಿತು.

ಸುದ್ದಿಯಲ್ಲಿ ಇಲ್ಲದ ಜನ

ಆಗಿನ ಜಾಕ್ಸನ್‌ನಲ್ಲಿ ಸುಮಾರು ಒಂದೂವರೆ ಲಕ್ಷ ಜನಸಂಖ್ಯೆ. ಹತ್ತರಲ್ಲಿ ಹೆಚ್ಚುಕಡಿಮೆ ನಾಲ್ವರು ಕಪ್ಪು ವರ್ಣೀಯರು. ವಾಹಿನಿಯ ಪ್ರಸಾರ ಚೆನ್ನಾಗಿ ತಲುಪುತ್ತಿದ್ದ ಸುತ್ತಮುತ್ತಲ ಸೀಮೆಯನ್ನೂ ಸೇರಿಸಿಕೊಂಡರೆ ಅವರ ಪ್ರಮಾಣ ಸುಮಾರು ಶೇ 45. ಇಷ್ಟು ಜನ ಊರಿನಲ್ಲಿ ದುಡಿಯುತ್ತಿದ್ದರು, ತೆರಿಗೆ ಕಟ್ಟುತ್ತಿದ್ದರು, ಟಿ.ವಿ. ಕೊಂಡು ಅದರಲ್ಲಿ ಬರುವ ಜಾಹೀರಾತಿನ ಸಾಬೂನನ್ನೂ ಕೊಳ್ಳುತ್ತಿದ್ದರು. 1953ರಲ್ಲಿ ಶುರುವಾದ, ಒಂದು ಜೀವವಿಮಾ ಕಂಪನಿಯ ಒಡೆತನದ ಆ ವಾಹಿನಿಯಲ್ಲಿ ಮಾತ್ರ ಅವರಿಗೆ ಜಾಗವಿರಲಿಲ್ಲ. ಅಪರೂಪಕ್ಕೆ ಹೆಸರು ಬಂದರೂ ಬಿಳಿಯರ ಹೆಸರಿನ ಮುಂದೆ ತಪ್ಪದೆ ಬರುತ್ತಿದ್ದ ‘ಮಿಸ್ಟರ್’, ‘ಮಿಸೆಸ್’ ಅವರಿಗೆ ಇಲ್ಲ. ಎದುರಿಗಿದ್ದವರನ್ನು ಏಕವಚನದಲ್ಲಿ ಕರೆದರೆ ಏನಾಗುತ್ತದೆಂದು ಬಲ್ಲ ಕನ್ನಡಿಗರಿಗೆ ಇದರ ಇರಿತವನ್ನು ಬಿಡಿಸಿ ಹೇಳಬೇಕಿಲ್ಲ.

1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಯುವಕ ಮಿಸಿಸಿಪ್ಪಿ ವಿಶ್ವವಿದ್ಯಾಲಯ ಸೇರಲು ಹೊರಟಾಗ, ಯಾರನ್ನು ಸೇರಿಸಿಕೊಳ್ಳಬೇಕು ಎಂಬುದು ರಾಜ್ಯದ ಹಕ್ಕು ಎನ್ನುವ ಧಾಟಿಯ ಸಂಪಾದಕೀಯವನ್ನು ವಾಹಿನಿ ಬಿತ್ತರಿಸಿತು. ಕ್ಯಾಂಪಸ್ಸಿನಲ್ಲಿ ಎದ್ದ ಗಲಭೆಯಲ್ಲಿ ಇಬ್ಬರು ಸತ್ತರು. ಅವರಲ್ಲೊಬ್ಬರು ವರದಿ ಮಾಡಲು ಬಂದಿದ್ದ ಫ್ರೆಂಚ್ ಸುದ್ದಿಸಂಸ್ಥೆಯ ಪತ್ರಕರ್ತ ಪಾಲ್ ಗಿಹಾರ್.

ಟಿ.ವಿ. ಬೇಡವೆಂದು ಪತ್ರಿಕೆ ಹಿಡಿದರೂ ಕಥೆ ಬೇರೆ ಇರಲಿಲ್ಲ. ಊರಿನ ಎರಡೂ ದೊಡ್ಡ ದಿನಪತ್ರಿಕೆಗಳು ಹೆಡರ್‌ಮನ್ ಎಂಬ ಒಂದೇ ಕುಟುಂಬದ ಕೈಯಲ್ಲಿದ್ದವು. ನಾಗರಿಕ ಹಕ್ಕು ಹೋರಾಟಗಾರ ಮೆಡ್ಗರ್ ಎವರ್ಸ್ ಅವರ ಕೊಲೆ ಆರೋಪದ ಮೇಲೆ 1963ರಲ್ಲಿ ಬೈರನ್ ಡಿ ಲಾ ಬೆಕ್‌ವಿತ್ ಸೆರೆಯಾದಾಗ, ಅವುಗಳಲ್ಲೊಂದಾದ ‘ಕ್ಲಾರಿಯನ್ ಲೆಜರ್’ ತನ್ನ ತಲೆಬರಹದಲ್ಲಿ ಅವನನ್ನು ಕ್ಯಾಲಿಫೋರ್ನಿಯಾದವನೆಂದು ಕರೆಯಿತು. ಅವನು ಅಲ್ಲಿ ಹುಟ್ಟಿದ್ದು ನಿಜ. ಚಿಕ್ಕಂದಿನಲ್ಲೇ ಮಿಸಿಸಿಪ್ಪಿಗೆ ಬಂದು, ಅಲ್ಲೇ ಬೆಳೆದು, ಅಲ್ಲೇ ವ್ಯಾಪಾರ ಮಾಡಿಕೊಂಡಿದ್ದವನು. ಒಂದು ಸುಳ್ಳನ್ನೂ ಬರೆಯದೆ ಪತ್ರಿಕೆ ಕೊಲೆಯ ಕಳಂಕವನ್ನು ದೇಶದ ಆ ತುದಿಗೆ ದಾಟಿಸಿಬಿಟ್ಟಿತು.

ಇದರ ಹಿಂದೆ ಸರ್ಕಾರದ ದುಡ್ಡೂ ಇತ್ತು. ವರ್ಣಭೇದವನ್ನು ಕಾಯಲೆಂದೇ 1956ರಲ್ಲಿ ರಾಜ್ಯ ಸರ್ಕಾರ ‘ಸಾವರಿನ್ಟಿ ಕಮಿಷನ್’ ಸ್ಥಾಪಿಸಿತು. ತೆರಿಗೆ ಹಣದಲ್ಲಿ ನಡೆದ ಆ ಆಯೋಗ ಹೋರಾಟಗಾರರ ಹಿಂದೆ ಗೂಢಚಾರರನ್ನು ಬಿಟ್ಟಿತು, ಪತ್ರಿಕೆಗಳಿಗೆ ಬೇಕಾದ ‘ಸುದ್ದಿ’ ಪೂರೈಸಿತು, ಜಾಕ್ಸನ್‌ನ ಕಪ್ಪು ಓದುಗರ ಪತ್ರಿಕೆಯೊಂದರ ಸಂಪಾದಕರಿಗೂ ಗುಟ್ಟಾಗಿ ಹಣ ಕೊಟ್ಟಿತು. ತನ್ನ ವಿರುದ್ಧದ ಪ್ರಚಾರಕ್ಕೆ ತಾನೇ ತೆರಿಗೆ ಕಟ್ಟುವ ಸ್ಥಿತಿ ಕಪ್ಪು ಪ್ರಜೆಯದ್ದಾಗಿತ್ತು.

ರೈಲಿನಲ್ಲಿ ಬಂದ ಪತ್ರಿಕೆ

ಹಾಗೆಂದು ಬೇರೆ ದನಿಗಳು ಅಲ್ಲಿಗೆ ತಲುಪಿಯೇ ಇರಲಿಲ್ಲ ಎಂದಲ್ಲ. ರಾಬರ್ಟ್ ಅಬಟ್ 1905ರಲ್ಲಿ ಆರಂಭಿಸಿದ ‘ಷಿಕಾಗೊ ಡಿಫೆಂಡರ್’ ಪತ್ರಿಕೆಯ ಕಟ್ಟುಗಳನ್ನು ಪುಲ್‌ಮನ್ ರೈಲು ಬೋಗಿಗಳ ಕಪ್ಪು ಪರಿಚಾರಕರು ದಕ್ಷಿಣದ ಊರುಗಳಿಗೆ ಒಯ್ಯುತ್ತಿದ್ದರು. ಒಂದೇ ಪ್ರತಿ ಕ್ಷೌರದಂಗಡಿಯಲ್ಲಿ, ಚರ್ಚಿನಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು. ಓದಲು ಬಾರದವರಿಗೆ ಬಲ್ಲವರು ಓದಿ ಹೇಳುತ್ತಿದ್ದರು. ಉತ್ತರಕ್ಕೆ ಬನ್ನಿ, ಕಾರ್ಖಾನೆಯಲ್ಲಿ ಕೆಲಸವಿದೆ ಎಂದು ಪತ್ರಿಕೆ ಕರೆಯಿತು. ಲಕ್ಷಾಂತರ ಜನರ ಮಹಾವಲಸೆಗೆ ಅದೂ ಒಂದು ಪ್ರೇರಣೆ. ಮಿಸಿಸಿಪ್ಪಿ ಎಷ್ಟು ಬೆದರಿತೆಂದರೆ, ಸಾಮಾಜಿಕ ಸಮಾನತೆಯನ್ನು ಪ್ರತಿಪಾದಿಸುವ ಬರಹವನ್ನು ಅಚ್ಚು ಹಾಕುವುದೂ ಹಂಚುವುದೂ ಅಪರಾಧ ಎಂದು 1920ರಲ್ಲಿ ಕಾನೂನನ್ನೇ ಮಾಡಿತು.

1955ರ ಆಗಸ್ಟಿನಲ್ಲಿ ಇದೇ ರಾಜ್ಯದಲ್ಲಿ ಹದಿನಾಲ್ಕು ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಬಿಳಿಯರು ಹೊಡೆದು ಕೊಂದು ನದಿಗೆ ಎಸೆದರು. ಷಿಕಾಗೊದಲ್ಲಿದ್ದ ತಾಯಿ ಮ್ಯಾಮಿ ಟಿಲ್ ಶವಪೆಟ್ಟಿಗೆಯ ಮುಚ್ಚಳ ತೆಗೆದೇ ಇಡಿ ಎಂದು ಪಟ್ಟು ಹಿಡಿದರು. ಗುರುತು ಸಿಗದಷ್ಟು ಜಜ್ಜಿಹೋಗಿದ್ದ ಮಗುವಿನ ಮುಖವನ್ನು ಕಪ್ಪು ಓದುಗರ ವಾರಪತ್ರಿಕೆ ‘ಜೆಟ್’ ಅಚ್ಚು ಹಾಕಿತು. ಬಿಳಿಯರೇ ತುಂಬಿದ್ದ ಜ್ಯೂರಿ ಆರೋಪಿಗಳನ್ನು ಬಿಡುಗಡೆ ಮಾಡಲು ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತು ತೆಗೆದುಕೊಂಡಿತು. ‘ಜೆಟ್’ನ ಆ ಚಿತ್ರ ಕಂಡ ಒಂದು ಇಡೀ ತಲೆಮಾರು ಮುಂದೆ ಬೀದಿಗಿಳಿಯಿತು.

ಆದರೆ ಇವೆಲ್ಲ ಕಪ್ಪು ಓದುಗರ ಪತ್ರಿಕೆಗಳು. ಜಾಕ್ಸನ್‌ನ ಬಿಳಿಯ ಮನೆಯೊಳಗೆ ಅವುಗಳಿಗೆ ಪ್ರವೇಶವಿರಲಿಲ್ಲ. ಆ ಮನೆಯ ಹಜಾರಕ್ಕೆ ಹೋಗುತ್ತಿದ್ದುದು ಟಿ.ವಿ. ಒಂದೇ.

ಹದಿನೇಳು ನಿಮಿಷ

1963ರ ಮೇ ತಿಂಗಳಲ್ಲಿ ಜಾಕ್ಸನ್‌ನ ಮೇಯರ್ ಆಲನ್ ಥಾಮ್ಸನ್ ಟಿ.ವಿ.ಯಲ್ಲಿ ಕಾಣಿಸಿಕೊಂಡು, ನಮ್ಮ ಊರಿನ ಕಪ್ಪು ಜನ ಸುಖವಾಗಿದ್ದಾರೆ, ಗದ್ದಲವೆಲ್ಲ ಹೊರಗಿನವರದ್ದು ಎಂಬ ಅರ್ಥದಲ್ಲಿ ಮಾತನಾಡಿದರು. ವಿವಾದದ ವಿಷಯದಲ್ಲಿ ಎರಡೂ ಪಕ್ಷಕ್ಕೆ ಅವಕಾಶ ಕೊಡಬೇಕೆಂಬ ‘ಫೇರ್‌ನೆಸ್ ಡಾಕ್ಟ್ರಿನ್’ ನಿಯಮ 1949ರಿಂದಲೂ ಅಮೆರಿಕದ ಪ್ರಸಾರ ಸಂಸ್ಥೆಗಳ ಮೇಲಿತ್ತು. ಅದನ್ನು ಮುಂದಿಟ್ಟುಕೊಂಡು ಮೆಡ್ಗರ್ ಎವರ್ಸ್ ಉತ್ತರ ಕೊಡಲು ಸಮಯ ಕೇಳಿದರು. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಮಿಸಿಸಿಪ್ಪಿ ಕಾರ್ಯದರ್ಶಿ ಅವರು. ಮೇ 20ರಂದು ಡಬ್ಲ್ಯುಎಲ್‌ಬಿಟಿಯಲ್ಲಿ ಅವರಿಗೆ ಹದಿನೇಳು ನಿಮಿಷ ಸಿಕ್ಕಿತು.

ಎವರ್ಸ್ ಅಬ್ಬರಿಸಲಿಲ್ಲ. ನಾನು ಹೊರಗಿನವನಲ್ಲ, ಇದೇ ರಾಜ್ಯದಲ್ಲಿ ಹುಟ್ಟಿದವನು ಎಂದು ಆರಂಭಿಸಿ ಊರನ್ನೇ ವರ್ಣಿಸಿದರು: ಇಲ್ಲಿ ಕಪ್ಪು ಪೊಲೀಸರಿಲ್ಲ, ಅಗ್ನಿಶಾಮಕ ದಳದವರಿಲ್ಲ, ಗುಮಾಸ್ತರಿಲ್ಲ. ಇಲ್ಲಿನ ಕಪ್ಪು ಮನುಷ್ಯ ಟಿ.ವಿ. ಹಾಕುತ್ತಾನೆ, ಕಾಂಗೊದಲ್ಲಿ ತನ್ನಂಥವನು ರೈಲು ಎಂಜಿನ್ ಓಡಿಸಬಲ್ಲನೆಂದು ತಿಳಿಯುತ್ತದೆ, ಜಾಕ್ಸನ್‌ನಲ್ಲಿ ತನಗೆ ಕಸದ ಲಾರಿ ಓಡಿಸುವ ಕೆಲಸವೂ ಸಿಗದೆಂಬುದು ಅವನಿಗೆ ಗೊತ್ತಿದೆ. ಹೀಗೆ ಸಾಗಿತು ಅವರ ವಾದ. ಟಿ.ವಿ. ಜನರನ್ನು ಬದಲಿಸುವ ಬಗೆಯನ್ನು, ಅದೇ ಟಿ.ವಿ.ಯಲ್ಲಿ ಕುಳಿತು, ಅಷ್ಟು ಚುಟುಕಾಗಿ ಹೇಳಿದವರು ಕಡಿಮೆ.

ಅಲ್ಲಿಯವರೆಗೆ ಎವರ್ಸ್ ಎಂಬ ಹೆಸರು ಮಾತ್ರ ಗೊತ್ತಿದ್ದ ಬಿಳಿಯರಿಗೆ ಅಂದು ಅವರ ಮುಖವೂ ಪರಿಚಯವಾಯಿತು. ಜೂನ್ 11ರ ರಾತ್ರಿ ಅಧ್ಯಕ್ಷ ಕೆನಡಿ ನಾಗರಿಕ ಹಕ್ಕುಗಳ ಮಸೂದೆ ತರುವುದಾಗಿ ಟಿ.ವಿ.ಯಲ್ಲಿ ಘೋಷಿಸಿದರು. ಎವರ್ಸ್ ಅವರ ಹೆಂಡತಿ, ಮಕ್ಕಳು ಅದನ್ನು ನೋಡಿ ಅವರ ದಾರಿ ಕಾಯುತ್ತಿದ್ದರು. ಮಧ್ಯರಾತ್ರಿ ಕಳೆದು ಮನೆಯಂಗಳದಲ್ಲಿ ಕಾರಿನಿಂದಿಳಿದ ಎವರ್ಸ್ ಬೆನ್ನಿಗೆ ಗುಂಡು ಬಿತ್ತು. ವಯಸ್ಸು ಮೂವತ್ತೇಳು.

ಒಂದು ವಾರದ ಲೆಕ್ಕ

ಎವರೆಟ್ ಪಾರ್ಕರ್ ನ್ಯೂಯಾರ್ಕಿನ ಪಾದ್ರಿ. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಸಂವಹನ ವಿಭಾಗದ ಮುಖ್ಯಸ್ಥರು. ಅಮೆರಿಕದಲ್ಲಿ ಪ್ರಸಾರದ ಪರವಾನಗಿಯನ್ನು ಆಗ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ವಾಹಿನಿ ಸಾರ್ವಜನಿಕ ಹಿತಕ್ಕಾಗಿ ದುಡಿದಿದೆ ಎಂಬುದು ಖಾತ್ರಿಯಾಗಬೇಕೆಂದು ಕಾನೂನು ಹೇಳುತ್ತಿತ್ತು. ವ್ಯವಹಾರದಲ್ಲಿ ಮಾತ್ರ ಅದು ಠಸ್ಸೆ ಒತ್ತುವ ಕೆಲಸವಾಗಿತ್ತು. ಜಾಕ್ಸನ್‌ನ ಪರವಾನಗಿಗಳು 1964ರಲ್ಲಿ ನವೀಕರಣಕ್ಕೆ ಬರುವುದನ್ನು ಪಾರ್ಕರ್ ಗಮನಿಸಿದರು.

ವಾಹಿನಿ ಪಕ್ಷಪಾತಿ ಎಂದು ಸುಮ್ಮನೆ ದೂರಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಊರಿನ ಬಿಳಿಯರಲ್ಲೇ ಕೆಲವರು ಸ್ವಯಂಸೇವಕರಾಗಿ ಮುಂದೆ ಬಂದರು. ಅವರ ಹೆಸರುಗಳನ್ನು ಗುಟ್ಟಾಗಿ ಇಡಲಾಯಿತು. ಗೊತ್ತಾದರೆ ಕೆಲಸ ಹೋಗಬಹುದು, ಮನೆಗೆ ಬೆಂಕಿಯೂ ಬೀಳಬಹುದು. 1964ರ ಮಾರ್ಚ್ 1ರಿಂದ 7ರವರೆಗೆ, ಪ್ರಸಾರ ಆರಂಭವಾದಲ್ಲಿಂದ ಮುಗಿಯುವ ತನಕ ಅವರು ಪಾಳಿಯ ಮೇಲೆ ಟಿ.ವಿ. ನೋಡಿದರು. ಯಾರು ಕಾಣಿಸಿಕೊಂಡರು, ಎಷ್ಟು ಹೊತ್ತು, ಯಾವ ವಿಷಯಕ್ಕೆ, ಯಾವ ಹೆಸರಿನಿಂದ ಕರೆದರು ಎಂಬುದನ್ನೆಲ್ಲ ಬರೆದಿಟ್ಟರು. ತೆರೆಯ ಮೇಲೆ ಬಾರದೆ ಉಳಿದದ್ದಕ್ಕೆ ಹೀಗೆ ಲೆಕ್ಕಪತ್ರ ಸಿಕ್ಕಿತು.

ಈ ದಾಖಲೆಯೊಂದಿಗೆ ಪಾರ್ಕರ್ ಅವರ ಚರ್ಚು, ಮಿಸಿಸಿಪ್ಪಿಯ ಎನ್‌ಎಎಸಿಪಿ ಮುಖಂಡ ಆ್ಯರನ್ ಹೆನ್ರಿ, ಜಾಕ್ಸನ್‌ನ ಪಾದ್ರಿ ರಾಬರ್ಟ್ ಎಲ್.ಟಿ. ಸ್ಮಿತ್ ಸೇರಿ ನವೀಕರಣ ಬೇಡವೆಂದು ಅರ್ಜಿ ಹಾಕಿದರು. ಸ್ಮಿತ್ 1962ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಚುನಾವಣೆಗೆ ನಿಂತಾಗ, ದುಡ್ಡು ಕೊಡುತ್ತೇನೆಂದರೂ ಪ್ರಚಾರದ ಸಮಯ ಕೊಡಲು ಇದೇ ವಾಹಿನಿ ಸತಾಯಿಸಿತ್ತು.

ಪರವಾನಗಿ ಕೊಡುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಅರ್ಜಿದಾರರನ್ನು ಬಾಗಿಲಲ್ಲೇ ತಡೆಯಿತು. ಪ್ರತಿಸ್ಪರ್ಧಿ ವಾಹಿನಿಗೆ ಆರ್ಥಿಕ ನಷ್ಟವಾದರೆ ದೂರಬಹುದು, ತರಂಗಕ್ಕೆ ಅಡ್ಡಿಯಾದರೆ ದೂರಬಹುದು. ವೀಕ್ಷಕರಿಗೇನು ಹಕ್ಕು? 1965ರಲ್ಲಿ ನಾಲ್ಕಕ್ಕೆ ಎರಡು ಮತಗಳಿಂದ, ನಡತೆ ತಿದ್ದಿಕೊಳ್ಳಬೇಕೆಂಬ ಷರತ್ತಿನ ಮೇಲೆ, ವಾಹಿನಿಗೆ ಒಂದು ವರ್ಷದ ನವೀಕರಣ ಸಿಕ್ಕಿತು. ಆಯೋಗದ ಅಧ್ಯಕ್ಷರೇ ಭಿನ್ನಮತದವರ ಸಾಲಿನಲ್ಲಿದ್ದರು.

ಪ್ರಕರಣ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ಬರೆದವರು ವಾರೆನ್ ಬರ್ಗರ್. ಕ್ರಾಂತಿಕಾರಿಯೆಂದು ಯಾರೂ ಕರೆಯದ, ಸಂಪ್ರದಾಯವಾದಿ ನ್ಯಾಯಮೂರ್ತಿ. ಸಾರ್ವಜನಿಕ ಹಿತವನ್ನು ಕಾಯುವ ಆಯೋಗದ ಮುಂದೆ ಸಾರ್ವಜನಿಕರಿಗೇ ಮಾತನಾಡುವ ಹಕ್ಕಿಲ್ಲ ಎನ್ನುವ ವಾದ ನಿಲ್ಲುವುದಿಲ್ಲ ಎಂದು ಅವರು 1966ರ ಮಾರ್ಚ್ 25ರಂದು ಹೇಳಿದರು. ಕೇಳುಗರು, ನೋಡುಗರು ಕಕ್ಷಿದಾರರಾದರು. ಆಯೋಗ ವಿಚಾರಣೆ ನಡೆಸಿ 1968ರಲ್ಲಿ ಮತ್ತೆ ವಾಹಿನಿಯ ಪರವಾಗಿಯೇ ನಿರ್ಧರಿಸಿತು. ವಿಚಾರಣೆಯಲ್ಲಿ ದೂರುದಾರರನ್ನೇ ವೈರಿಗಳಂತೆ ನಡೆಸಿಕೊಳ್ಳಲಾಗಿದೆ, ಈ ದಾಖಲೆ ದುರಸ್ತಿಯಾಗದಷ್ಟು ಕೆಟ್ಟಿದೆ ಎಂದು 1969ರ ಜೂನ್ 20ರಂದು ಬರ್ಗರ್ ಆ ಪರವಾನಗಿಯನ್ನೇ ರದ್ದು ಮಾಡಿದರು. ಮೂರು ದಿನಗಳ ಬಳಿಕ ಅವರು ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

1971ರಲ್ಲಿ, ಬಿಳಿಯರೂ ಕಪ್ಪು ವರ್ಣೀಯರೂ ಇದ್ದ ಲಾಭರಹಿತ ಸಂಸ್ಥೆಯೊಂದು ತಾತ್ಕಾಲಿಕವಾಗಿ ವಾಹಿನಿಯನ್ನು ವಹಿಸಿಕೊಂಡಿತು. ಮರುವರ್ಷ ಬಾಸ್ಟನ್‌ನಿಂದ ಬಂದ ವಿಲಿಯಂ ಡಿಲ್‌ಡೇ ಅದರ ಜನರಲ್ ಮ್ಯಾನೇಜರ್ ಆದರು. ದಕ್ಷಿಣದ ವಾಣಿಜ್ಯ ವಾಹಿನಿಯೊಂದರಲ್ಲಿ ಕಪ್ಪು ವರ್ಣೀಯರೊಬ್ಬರು ಆ ಕುರ್ಚಿಯಲ್ಲಿ ಕೂರುವುದನ್ನು ಹತ್ತು ವರ್ಷ ಹಿಂದೆ ಯಾರೂ ಊಹಿಸಿರಲಿಲ್ಲ. ಎಂಬತ್ತರ ದಶಕದಲ್ಲಿ ಕೈಬದಲಾದ ‘ಕ್ಲಾರಿಯನ್ ಲೆಜರ್’ ಕೂಡ ಹೊಸ ಹಾದಿ ಹಿಡಿಯಿತು. ಅಂದು ಶಿಕ್ಷೆಯಿಲ್ಲದೆ ಪಾರಾಗಿದ್ದ ಬೆಕ್‌ವಿತ್‌ನನ್ನು ಉಳಿಸಲು ಸಾವರಿನ್ಟಿ ಕಮಿಷನ್ ಗುಟ್ಟಾಗಿ ನೆರವಾಗಿತ್ತೆಂದು 1989ರಲ್ಲಿ ಬಯಲು ಮಾಡಿದ್ದು ಅದೇ ಪತ್ರಿಕೆಯ ವರದಿಗಾರ ಜೆರ್ರಿ ಮಿಚೆಲ್. ಪ್ರಕರಣ ಮತ್ತೆ ತೆರೆದುಕೊಂಡಿತು. 1994ರ ಫೆಬ್ರುವರಿಯಲ್ಲಿ ಬೆಕ್‌ವಿತ್‌ಗೆ ಜೀವಾವಧಿ ಶಿಕ್ಷೆಯಾಯಿತು. ಕೊಲೆಗಾರನನ್ನು ಹೊರರಾಜ್ಯದವನನ್ನಾಗಿಸಿದ್ದ ಪತ್ರಿಕೆಯೇ ಮೂವತ್ತು ವರ್ಷದ ಮೇಲೆ ಅವನನ್ನು ಜೈಲಿಗೆ ಕಳಿಸಲು ಕಾರಣವಾಯಿತು. ಸುದ್ದಿಮನೆ ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಉತ್ತರದವರ ಕನ್ನಡಿ

ಇದನ್ನು ದಕ್ಷಿಣದ ಕೆಲವು ಕೆಟ್ಟವರ ಕಥೆಯೆಂದು ಮುಗಿಸಿಬಿಡುವುದು ಸುಲಭ. ದಕ್ಷಿಣದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರತಿಭಟನೆಗಿಳಿದ ಮಕ್ಕಳ ಮೇಲೆ ನಾಯಿ ಬಿಟ್ಟ ದೃಶ್ಯವನ್ನು, ಸೆಲ್ಮಾದ ಸೇತುವೆಯಲ್ಲಿ ಮತದಾನದ ಹಕ್ಕಿಗಾಗಿ ನಡೆದವರ ಮೇಲೆ ಪೊಲೀಸರು ಬಡಿಗೆ ಬೀಸಿದ್ದನ್ನು ಮನೆಮನೆಗೆ ಮುಟ್ಟಿಸಿದ್ದು ಉತ್ತರದ ದೊಡ್ಡ ಜಾಲಗಳೇ. ಸೆಲ್ಮಾದ ಘಟನೆ ನಡೆದ ಐದು ತಿಂಗಳಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು.

ಆದರೆ ಆ ಕ್ಯಾಮೆರಾ ತನ್ನ ಊರಿನ ಕಡೆ ತಿರುಗಿರಲಿಲ್ಲ. 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆ ಹೊತ್ತಿ ಉರಿದಾಗ ‘ಲಾಸ್ ಏಂಜಲೀಸ್ ಟೈಮ್ಸ್’ನಲ್ಲಿ ಅಲ್ಲಿಗೆ ಕಳಿಸಲು ಕಪ್ಪು ವರದಿಗಾರರೇ ಇರಲಿಲ್ಲ. ಜಾಹೀರಾತು ವಿಭಾಗದಲ್ಲಿದ್ದ ರಾಬರ್ಟ್ ರಿಚರ್ಡ್‌ಸನ್ ಎಂಬ ಯುವಕ ಬೀದಿಗಳಲ್ಲಿ ಸುತ್ತಿ ಫೋನಿನಲ್ಲಿ ಸುದ್ದಿ ಹೇಳಿದ. ಆ ವರದಿಗೆ ಪತ್ರಿಕೆ ಪುಲಿಟ್ಜರ್ ಪ್ರಶಸ್ತಿ ಪಡೆಯಿತು.

1967ರ ಗಲಭೆಗಳ ಕಾರಣ ಹುಡುಕಲು ಅಧ್ಯಕ್ಷ ಜಾನ್ಸನ್ ನೇಮಿಸಿದ ಕರ್ನರ್ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಒಂದಿಡೀ ಅಧ್ಯಾಯವನ್ನು ಸುದ್ದಿ ಮಾಧ್ಯಮಗಳಿಗೆ ಮೀಸಲಿಟ್ಟಿತು. ಗಲಭೆ ನಡೆದ ಡೆಟ್ರಾಯಿಟ್‌ನಲ್ಲಿ 50 ಕೋಟಿ ಡಾಲರ್ ಆಸ್ತಿ ನಷ್ಟವೆಂದು ಆರಂಭದಲ್ಲಿ ಸುದ್ದಿಯಾಗಿತ್ತು. ತನಿಖೆಯಲ್ಲಿ ಸಿಕ್ಕಿದ್ದು ನಾಲ್ಕು, ನಾಲ್ಕೂವರೆ ಕೋಟಿ. ಆಯೋಗದ ಮುಖ್ಯ ಆಕ್ಷೇಪ ಮಾತ್ರ ಈ ಉತ್ಪ್ರೇಕ್ಷೆಯಲ್ಲ. ಗಲಭೆಯಿಲ್ಲದ ದಿನಗಳಲ್ಲಿ ಕಪ್ಪು ಜನರ ಮದುವೆ, ಸಂಘ, ಶಾಲೆ, ಬಾಡಿಗೆಯ ಕಷ್ಟ ಯಾವುದೂ ಸುದ್ದಿಯಾಗುವುದಿಲ್ಲ. ಬೆಂಕಿ ಬಿದ್ದಾಗಷ್ಟೇ ಅವರು ಕಾಣಿಸುತ್ತಾರೆ ಎಂಬುದೇ ಅದರ ದೂರು. ದೇಶದ ಸುದ್ದಿಮನೆಗಳಲ್ಲಿ ಕಪ್ಪು ವರ್ಣೀಯರು ಶೇ 5ಕ್ಕೂ ಕಡಿಮೆ, ಸಂಪಾದಕರ ಸ್ಥಾನದಲ್ಲಿ ಶೇ 1ಕ್ಕೂ ಕಡಿಮೆ ಎಂದು ವರದಿ ಲೆಕ್ಕ ಕೊಟ್ಟಿತು. ಕಂಡದ್ದನ್ನಷ್ಟೇ ಬರೆಯುತ್ತೇವೆ ಎನ್ನುವ ಸುದ್ದಿಮನೆ ಎಲ್ಲಿ ನಿಂತು ನೋಡುತ್ತಿದೆ ಎಂಬ ಪ್ರಶ್ನೆ ಅಂದು ಅಧಿಕೃತ ದಾಖಲೆಗೆ ಸೇರಿತು.

ನಮ್ಮಲ್ಲಿ ಈ ಪ್ರಶ್ನೆಗೆ ಜಾತಿಯ ಹೆಸರಿದೆ. ಭಾರತದ ಸುದ್ದಿಸಂಸ್ಥೆಗಳ ಬಗ್ಗೆ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ 2019ರಲ್ಲಿ ನಡೆಸಿದ ಅಧ್ಯಯನದಲ್ಲಿ, ಪರಿಶೀಲಿಸಿದ 121 ನಾಯಕತ್ವದ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ.

ನೋಡುಗರ ಹಕ್ಕು

ಫೇರ್‌ನೆಸ್ ಡಾಕ್ಟ್ರಿನ್ 1987ರಲ್ಲಿ ರದ್ದಾಯಿತು. ಅದು ಹೋದದ್ದೇ ಒಳ್ಳೆಯದಾಯಿತು ಎನ್ನುವವರ ವಾದದಲ್ಲೂ ಹುರುಳಿದೆ: ಯಾವುದು ನ್ಯಾಯಯುತ ಸುದ್ದಿ ಎಂದು ತೀರ್ಮಾನಿಸುವ ಅಧಿಕಾರ ಸರ್ಕಾರದ ಕೈಗೆ ಹೋದರೆ, ಅದು ಮೊದಲು ಬಾಯಿ ಮುಚ್ಚಿಸುವುದು ತನ್ನ ಟೀಕಾಕಾರರದ್ದನ್ನೇ. ಮಿಸಿಸಿಪ್ಪಿಯ ಸರ್ಕಾರಕ್ಕೆ ಆ ಅಧಿಕಾರ ಇದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಜಾಕ್ಸನ್‌ನಲ್ಲಿ ಫಲ ಕೊಟ್ಟದ್ದು ನಿಯಮ ಒಂದೇ ಅಲ್ಲ. ಪುಸ್ತಕದಲ್ಲಿ ಅದು ಮೊದಲಿನಿಂದಲೂ ಇತ್ತು. ಅದನ್ನು ಜಾರಿಗೆ ತರಬೇಕಾದ ಆಯೋಗವೇ ಎರಡು ಸಲ ಕೈಚೆಲ್ಲಿತು. ನಿಯಮಕ್ಕೆ ಜೀವ ಬಂದದ್ದು ವೀಕ್ಷಕರು ಕಕ್ಷಿದಾರರಾದ ಮೇಲೆ.

ಆ ಅರ್ಥದಲ್ಲಿ ಜಾಕ್ಸನ್ ನಮಗೆ ದೂರವಲ್ಲ. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿದೆ. ಅದರ ಮೇಲೆ ಸರ್ಕಾರಕ್ಕೂ ಏಕಸ್ವಾಮ್ಯವಿಲ್ಲ, ಖಾಸಗಿಯವರಿಗೂ ಇಲ್ಲ. 2020ರಲ್ಲಿ ಕೋವಿಡ್ ಹರಡಲು ತಬ್ಲೀಗಿ ಜಮಾಅತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆ ಕಾರಣವೆಂದು ವಾಹಿನಿಗಳು ದಿನವಿಡೀ ಬೊಬ್ಬಿರಿದಾಗ, ಬೆಂಗಳೂರಿನ ‘ಕ್ಯಾಂಪೇನ್ ಅಗೇನ್‌ಸ್ಟ್ ಹೇಟ್ ಸ್ಪೀಚ್’ ಎಂಬ ನಾಗರಿಕರ ಗುಂಪು ಆ ಕಾರ್ಯಕ್ರಮಗಳ ವಿವರ ಕಲೆಹಾಕಿ, ಸುದ್ದಿ ಪ್ರಸಾರಕರೇ ರಚಿಸಿಕೊಂಡಿರುವ ಸ್ವಯಂನಿಯಂತ್ರಣ ಪ್ರಾಧಿಕಾರಕ್ಕೆ ದೂರು ಕೊಟ್ಟಿತು. 2021ರ ಜೂನ್‌ನಲ್ಲಿ ಎರಡು ಕನ್ನಡ ಸುದ್ದಿ ವಾಹಿನಿಗಳಿಗೆ ದಂಡ ಬಿತ್ತು. ವಾಹಿನಿಯ ವಹಿವಾಟಿನ ಮುಂದೆ ಆ ಮೊತ್ತ ಜುಜುಬಿ. ವಿಧಾನ ಮಾತ್ರ ಪಾರ್ಕರ್ ಅವರದ್ದೇ: ಕೂತು ನೋಡು, ಬರೆದಿಡು, ಕೇಳು.

ಅಮೆರಿಕದಲ್ಲೇ, ನೋಡುಗರೇ ದಾಖಲಿಸಿಡುವ ಈ ಸರಪಳಿಯ ಹೊಸ ಕೊಂಡಿ 2020ರ ಮೇ 25ರದ್ದು. ಮಿನಿಯಾಪೊಲಿಸ್ ಪೊಲೀಸರ ಮೊದಲ ಹೇಳಿಕೆಯ ಪ್ರಕಾರ, ಬಂಧನದ ವೇಳೆ ಆರೋಗ್ಯ ಕೆಟ್ಟು ಒಬ್ಬ ವ್ಯಕ್ತಿ ಸತ್ತಿದ್ದ. ಪೊಲೀಸನೊಬ್ಬ ಆ ಕಪ್ಪು ವರ್ಣೀಯನ ಕುತ್ತಿಗೆಯ ಮೇಲೆ ಮಂಡಿಯೂರಿದ್ದನ್ನು ಹದಿನೇಳು ವರ್ಷದ ಡಾರ್ನೆಲ್ಲಾ ಫ್ರೇಜಿಯರ್ ತನ್ನ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿರದಿದ್ದರೆ ಜಾರ್ಜ್ ಫ್ಲಾಯ್ಡ್ ಸಾವು ಆ ಒಂದು ವಾಕ್ಯದಲ್ಲೇ ಮುಗಿದುಹೋಗುತ್ತಿತ್ತು. ಮರುವರ್ಷ ಪುಲಿಟ್ಜರ್ ಮಂಡಳಿ ಆ ಹುಡುಗಿಗೆ ವಿಶೇಷ ಗೌರವ ನೀಡಿತು.

ಹಾಗಾದರೆ ಮೊಬೈಲ್ ಇರುವಾಗ ಮುಚ್ಚಿಡುವ ಕಾಲ ಮುಗಿಯಿತೆ? ಇಲ್ಲ. ಮುಚ್ಚಿಡುವವರು ಬದಲಾಗಿದ್ದಾರೆ, ಅಷ್ಟೆ. ಇಂದು ನಮ್ಮ ಕಣ್ಣಿಗೆ ಏನು ಬೀಳಬೇಕೆಂದು ತೀರ್ಮಾನಿಸುವುದು ಬಹುಮಟ್ಟಿಗೆ ಕೆಲವು ಕಂಪನಿಗಳ ಅಲ್ಗಾರಿದಮ್. ಡಬ್ಲ್ಯುಎಲ್‌ಬಿಟಿ ಎಲ್ಲ ಮನೆಗೂ ಒಂದೇ ಚಿತ್ರ ತೋರಿಸುತ್ತಿತ್ತು, ಆದ್ದರಿಂದ ಒಂದು ವಾರ ಕುಳಿತು ಲೆಕ್ಕ ಹಾಕಬಹುದಿತ್ತು. ನನ್ನ ಮೊಬೈಲಿಗೆ ಬಂದದ್ದು ನಿಮ್ಮ ಮೊಬೈಲಿಗೆ ಬಂದಿಲ್ಲವೆಂಬುದೇ ನಮ್ಮಿಬ್ಬರಿಗೂ ತಿಳಿಯದು. ಅಲ್ಲಿ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಪರವಾನಗಿ ಇತ್ತು, ಅರ್ಜಿ ಹಾಕಲು ಒಂದು ಕಚೇರಿ ಇತ್ತು. ಇಲ್ಲಿ ಅದೂ ಇಲ್ಲ. ಯಾವ ಸುದ್ದಿಯನ್ನು ಯಾರಿಗೆ ತೋರಿಸಿದಿರಿ, ಯಾರಿಗೆ ತೋರಿಸಲಿಲ್ಲ ಎಂಬ ಲೆಕ್ಕವನ್ನು ಈ ಕಂಪನಿಗಳು ಬಹಿರಂಗಪಡಿಸಬೇಕು, ಅದನ್ನು ಪ್ರಶ್ನಿಸುವ ಹಕ್ಕು ನೋಡುಗರಿಗೇ ಇರಬೇಕು. ಅಂಥ ಕಾನೂನನ್ನು ಕೇಳುವುದು ಇಂದಿನ ಕೆಲಸ. ಸರ್ಕಾರ ತಾನಾಗಿಯೇ ಕೊಡುತ್ತದೆಂದು ಕಾಯುವಂತಿಲ್ಲ, ಜಾಕ್ಸನ್‌ನಲ್ಲೂ ಕೊಟ್ಟಿರಲಿಲ್ಲ.